ಬೆಳಗಾವಿಯ ಶಿಕ್ಕಾ ಅಂಗಡಿ: ನೋಟ್‌ಬುಕ್ ತಿದ್ದಿ ಕೈ ಸೋತ ಟೀಚರುಗಳಿಗೆ

ಪರದೇಶದಲ್ಲಿ ಭಾಷೆ ಕಲಿಸುವವರು ರಜೆಗೆ ಬೆಳಗಾವಿ ಕಡೆ ಬಂದರೆ, ಕುಂದಾ ಕಟ್ಟಿಸಿಕೊಳ್ಳೋದಕ್ಕೂ ಮೊದಲು ಒಂದು ಶಿಕ್ಕಾ, ಅಂದರೆ ರಬ್ಬರ್ ಸ್ಟ್ಯಾಂಪ್ ಅಂಗಡಿಗೆ ಹೋಗಿ ಬನ್ನಿ. ಸುಮ್ನೆ ಹೇಳುತ್ತಿಲ್ಲ. ನಾನು ಮಾಡಿಸಿದ್ದು ಖಡೇಬಜಾರಿನಿಂದ ಒಳಗೆ ತಿರುಗುವ ಗಲ್ಲಿಯೊಂದರ ಪುಟ್ಟ ಅಂಗಡಿಯಲ್ಲಿ. ವಿಸಿಟಿಂಗ್ ಕಾರ್ಡ್, ಲ್ಯಾಮಿನೇಶನ್, ಮದುವೆ ಪತ್ರಿಕೆ, ಎಲ್ಲ ಮಾಡುತ್ತಾರೆ. ಆದರೆ ಅಲ್ಲಿನ ಕಾಕಾ ಅವರ ಕೈ ನಿಜವಾಗಿ ಓಡುವುದು ಶಿಕ್ಕಾ ಮಾಡುವುದರಲ್ಲಿ. ಸೊಸೈಟಿ, ಗ್ರಾಮ ಪಂಚಾಯಿತಿ, ವಕೀಲರು, ಡಾಕ್ಟರು, ಎಲ್ಲರ ಶಿಕ್ಕಾ ಅಲ್ಲಿ ಸಾಲಾಗಿ ಒಣಗುತ್ತಿರುತ್ತವೆ. ಆ ಸಾಲಿನಲ್ಲಿ ಈಗ ಟೀಚರುಗಳದ್ದೂ ಸೇರಬೇಕು ಅಂತ ನನ್ನ ಆಸೆ.

ಯಾಕೆ ಅಂತ ಹೇಳುತ್ತೇನೆ. ನಾನು ಮಸ್ಕತ್‌ನ ಒಂದು ಭಾರತೀಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಮಾನಿನಲ್ಲಿ ಶುಕ್ರವಾರ, ಶನಿವಾರ ರಜೆ, ಭಾನುವಾರ ಬೆಳಿಗ್ಗೆಯೇ ವಾರ ಶುರು. ಆ ಶುಕ್ರವಾರವೂ ಪೂರ್ತಿ ನನ್ನದಲ್ಲ. ಬೆಳಿಗ್ಗೆ ನಮ್ಮ ಕಡೆಯವರ ಮಕ್ಕಳಿಗೆ ಕನ್ನಡ ಕ್ಲಾಸು ಇರುತ್ತದೆ, ಅದು ಪ್ರೀತಿಗೆ ಮಾಡುವ ಕೆಲಸ, ಬಿಡಲು ಮನಸ್ಸಿಲ್ಲ. ಉಳಿದ ದಿನಗಳ ಕಥೆ ಬೇರೆ. ಪಾಠ ಮಾಡುವುದು ಭಾರ ಅನ್ನಿಸುವುದಿಲ್ಲ, ಅದರಲ್ಲಿ ಖುಷಿಯೇ ಇದೆ. ಭಾರ ಬೀಳುವುದು ಪಾಠ ಮುಗಿದ ಮೇಲೆ.

ಸಿಬಿಎಸ್‌ಇ ಒಂಬತ್ತು, ಹತ್ತನೇ ತರಗತಿಯ ಇಂಗ್ಲಿಷ್‌ನಲ್ಲಿ 80 ಅಂಕ ಪರೀಕ್ಷೆಗೆ, 20 ಅಂಕ ಶಾಲೆಯೊಳಗಿನ ಮೌಲ್ಯಮಾಪನಕ್ಕೆ. ಕೇಳಿದರೆ 20 ಅಂಕ ಸಣ್ಣದು ಅನ್ನಿಸುತ್ತದೆ. ಆದರೆ ಅದರೊಳಗೆ ಪೀರಿಯಾಡಿಕ್ ಟೆಸ್ಟ್, ಮಲ್ಟಿಪಲ್ ಅಸೆಸ್‌ಮೆಂಟ್, ಪೋರ್ಟ್‌ಫೋಲಿಯೊ (ಮಗು ಮಾಡಿದ ಕೆಲಸದ ಸಂಗ್ರಹ), ಸಬ್ಜೆಕ್ಟ್ ಎನ್‌ರಿಚ್‌ಮೆಂಟ್ ಅಂತ ತಲಾ 5 ಅಂಕದ ನಾಲ್ಕು ಪಾಲು. ಭಾಷೆಯವರಿಗೆ ಆ ಕೊನೆಯ ಪಾಲು ಅಂದರೆ ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು, ಅಂದರೆ ಒಬ್ಬೊಬ್ಬ ಮಗುವನ್ನೂ ಕೂರಿಸಿಕೊಂಡು ಮಾತಾಡಿಸಿ ಅಂಕ ಹಾಕಬೇಕು. ಇನ್ನು ಬರವಣಿಗೆ. ಒಂದು ಫಾರ್ಮಲ್ ಪತ್ರ ಅಂದರೆ 100ರಿಂದ 120 ಪದ. ನಾಲ್ಕು ಸೆಕ್ಷನ್, ಸೆಕ್ಷನ್ನಿಗೆ 35 ಮಕ್ಕಳು ಅಂದುಕೊಳ್ಳಿ, 140 ಪತ್ರ ಆಯಿತು. ಒಂದಕ್ಕೆ ಮೂರೇ ನಿಮಿಷ ಹಿಡಿದರೂ 420 ನಿಮಿಷ, ಪೂರಾ ಏಳು ಗಂಟೆ. ಅದು ಒಂದು ಪತ್ರಕ್ಕೆ. ಅದರ ಹಿಂದೆ ಪ್ಯಾರಾಗ್ರಾಫ್ ಬರುತ್ತದೆ, ಪಾಠದ ಪ್ರಶ್ನೋತ್ತರ ಬರುತ್ತದೆ, ಟೆಸ್ಟ್ ಪೇಪರ್ ಬರುತ್ತದೆ. ನಡುವೆ ಯಾರೋ ರಜೆ ಹಾಕಿದರೆ ಅವರ ಪೀರಿಯಡ್ಡೂ ನಮಗೇ. ಗಣಿತದವರಿಗೆ ಇಷ್ಟು ಕಷ್ಟವಿಲ್ಲ ಅಂತ ಸ್ಟಾಫ್‌ರೂಮಿನಲ್ಲಿ ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಅವರೂ ಒಂದೊಂದು ಸ್ಟೆಪ್ ನೋಡಬೇಕು, ಅದೂ ನಿಜವೇ.

ಈಗ ಮುಖ್ಯ ಮಾತು. ಆ 140 ಪತ್ರದಲ್ಲಿ 140 ಬೇರೆ ಬೇರೆ ತಪ್ಪು ಇರುವುದಿಲ್ಲ. ಆರೇಳು ತಪ್ಪೇ ತಿರುತಿರುಗಿ ಬರುತ್ತವೆ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ಮಲಯಾಳಂ ಮಾತಾಡುವವರು ಇದ್ದಾರೆ, ತಮಿಳಿನವರು, ಉರ್ದುವಿನವರು, ತೆಲುಗಿನವರು, ನಮ್ಮ ಕನ್ನಡದವರು ಇದ್ದಾರೆ. ಈ ಭಾಷೆಗಳಲ್ಲಿ ಯಾವುದರಲ್ಲೂ ಇಂಗ್ಲಿಷ್‌ನ 'ಎ', 'ದಿ' ಥರದ್ದು ಇಲ್ಲ. ಹಾಗಾಗಿ ಮಕ್ಕಳು ಅದನ್ನು ಬಿಟ್ಟೇ ಬರೆಯುತ್ತಾರೆ, ಇಲ್ಲವೇ ಬೇಡದ ಕಡೆ ತುರುಕುತ್ತಾರೆ. ಪ್ಯಾರಾ ಭೂತಕಾಲದಲ್ಲಿ ಶುರುವಾಗಿ ನಡುವೆ ವರ್ತಮಾನಕ್ಕೆ ಜಾರುತ್ತದೆ. ಫುಲ್‌ಸ್ಟಾಪ್ ಬೀಳಬೇಕಾದಲ್ಲಿ ಕಾಮಾ ಬೀಳುತ್ತದೆ. ಕರ್ತೃ ಏಕವಚನ, ಕ್ರಿಯಾಪದ ಬಹುವಚನ. ಪತ್ರಕ್ಕೆ ಸಬ್ಜೆಕ್ಟ್ ಲೈನೇ ಇರುವುದಿಲ್ಲ. ಪ್ರತಿ ನೋಟ್‌ಬುಕ್ಕಿನಲ್ಲೂ ಇದೇ ಮಾತನ್ನು ಕೆಂಪು ಪೆನ್ನಿನಲ್ಲಿ ಬರೆದು ಬರೆದು ಬೆರಳು ಜೋಮು ಹಿಡಿಯುತ್ತದೆ, ಕೊನೆಯ ಮೂವತ್ತು ಪುಸ್ತಕ ತಿದ್ದುವ ಹೊತ್ತಿಗೆ ಆ ಮಗು ಚೆನ್ನಾಗಿ ಬರೆದ ಒಂದು ವಾಕ್ಯ ಕಣ್ಣಿಗೆ ಬಿದ್ದರೂ ಅದನ್ನು ಮೆಚ್ಚಿ ಎರಡು ಮಾತು ಬರೆಯುವ ತ್ರಾಣ ಉಳಿದಿರುವುದಿಲ್ಲ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೆ. ಎಲ್ಲರಿಗೂ ಒಂದೇ ಆದ ಮಾತನ್ನು ಶಿಕ್ಕಾ ಹೇಳಲಿ, ಆ ಮಗುವಿಗೆ ಮಾತ್ರ ಸೇರಿದ ಮಾತನ್ನು ನನ್ನ ಕೈ ಬರೆಯಲಿ ಅಂತ ತೀರ್ಮಾನ ಮಾಡಿ ಅಂಗಡಿಗೆ ಹೋದೆ.

ಅಂಗಡಿಯ ಬಗ್ಗೆ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಜೂನ್ ತಿಂಗಳ ಬೆಳಗಾವಿ ಮಳೆ ಗೊತ್ತಲ್ಲ, ಛತ್ರಿ ಹೊರಗೇ ಇಟ್ಟು ಹೋಗಬೇಕು. ಕೌಂಟರಿನ ಮೇಲೆ ಕಂಪ್ಯೂಟರ್, ಹಿಂದೆ ಗೋಡೆಗೆ ಒಂದು ನೀರಿನ ಸಿಂಕು, ಅದರ ಪಕ್ಕ ನೇರಳೆ ಬೆಳಕಿನ ಪೆಟ್ಟಿಗೆ. ನಾನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡು ಹೋಗಿದ್ದೆ: ಸಾಲಾಗಿ ಆರು ಚೌಕ, ಒಂದೊಂದು ಬಗೆಯ ತಪ್ಪಿಗೆ ಒಂದೊಂದು, ಪ್ರತಿ ಚೌಕದ ತಲೆಯ ಮೇಲೆ ಒಂದು ಗುರುತು. ಸ್ಪೆಲಿಂಗ್‌ಗೆ ಎಸ್‌ಪಿ, ಕ್ರಿಯಾಪದದ ಕಾಲಕ್ಕೆ (ಟೆನ್ಸ್) ಟಿ, ಪದಗಳ ಕ್ರಮಕ್ಕೆ (ವರ್ಡ್ ಆರ್ಡರ್) ಡಬ್ಲ್ಯು ಓ, ಫುಲ್‌ಸ್ಟಾಪ್, ಕಾಮಾ ಥರದ ಚಿಹ್ನೆಗಳಿಗೆ (ಪಂಕ್ಚುಯೇಶನ್) ಪಿ, ಹೀಗೆ. ಇದು ನಾನು ಹುಟ್ಟುಹಾಕಿದ ಪದ್ಧತಿಯಲ್ಲ, ಇಂಗ್ಲಿಷ್ ಕಲಿಸುವವರು ಎಷ್ಟೋ ದೇಶಗಳಲ್ಲಿ ಈ ಗುರುತುಗಳನ್ನು ಬಳಸುತ್ತಾರೆ. ಕಾಕಾ ಅದನ್ನು ನೋಡಿ, ಕನ್ನಡಕ ಮೇಲಕ್ಕೆ ಸರಿಸಿ, "ಈ ಚೌಕದಾಗ ನೀವು ಪೆನ್ನಿಲೆ ಅಂಕಿ ಬರೀತೀರಿ ಹೌದಿಲ್ರಿ ಬಾಯಾರ? ಹಂಗಾದ್ರ ಇಷ್ಟ ಸಣ್ಣದು ಸಾಲೂದಿಲ್ಲ, ದೊಡ್ಡದ ಮಾಡೂಣು" ಅಂದರು. ಸರಿಯಾದ ಮಾತು. ಗಿರಾಕಿ ಹೇಳಿದ್ದನ್ನು ಹಾಗೇ ಒತ್ತಿ ಕೊಡುವ ಅಂಗಡಿ ಬೇಕಾದಷ್ಟಿವೆ. ಗಿರಾಕಿ ಅದನ್ನು ಹೇಗೆ ಬಳಸುತ್ತಾರೆ ಅಂತ ಕೇಳುವವರು ಕಡಿಮೆ. ಅದಕ್ಕೇ ಈ ಅಂಗಡಿಗೆ ನನ್ನ ಪೂರ್ತಿ ಅಂಕ.

ಮಾಡಿಸಿದ್ದೆಲ್ಲ ಸೆಲ್ಫ್ ಇಂಕ್ ಥರದ್ದು, ಅಂದರೆ ಪ್ಯಾಡ್ ಒಳಗೇ ಇರುತ್ತದೆ, ಒತ್ತಿದರೆ ಅಚ್ಚು ತಿರುಗಿ ಕೆಳಗೆ ಬರುತ್ತದೆ. ಚೌಕಗಳದ್ದು ದೊಡ್ಡದು, ಟ್ರೋಡಾಟ್ ಕಂಪನಿಯ 4926 ನಂಬರಿನ ಮಾದರಿ, ಅಳತೆ 75 ಗುಣಿಸು 38 ಮಿಲಿಮೀಟರ್. ನೋಟ್‌ಬುಕ್ಕಿನ ಪುಟದ ಬುಡದಲ್ಲಿ ಆರಾಮಾಗಿ ಕೂರುತ್ತದೆ. 'ಮತ್ತೊಮ್ಮೆ ಬರೆದು ತೋರಿಸು' ಅನ್ನುವುದಕ್ಕೆ 4912, ಅದು 47 ಗುಣಿಸು 18. ಒಂದು ತಾರೀಖಿನದ್ದು. ಈ ಟ್ರೋಡಾಟ್ ಆಸ್ಟ್ರಿಯಾ ದೇಶದ ಕಂಪನಿ, 1912ರಲ್ಲಿ ವಿಯೆನ್ನಾದಲ್ಲಿ ಶುರುವಾದದ್ದು. ಚೌಕಟ್ಟು ಮಾತ್ರ ಅವರದು, ಒಳಗಿನ ಅಚ್ಚು ಕಾಕಾ ಕೈಯ ಕೆಲಸ. ಕಡಿಮೆ ಬೆಲೆಯ ಚೌಕಟ್ಟೂ ಅಲ್ಲಿ ಸಿಗುತ್ತದೆ. ತಿಂಗಳಿಗೆ ನಾಲ್ಕು ಸಲ ಒತ್ತುವ ಸೊಸೈಟಿಯವರಿಗೆ ಅದು ನಡೆಯಬಹುದು. ಒಂದೇ ಕೂರಿಕೆಯಲ್ಲಿ ನೂರು ಸಲ ಒತ್ತುವ ನಮಗೆ ಬೇಡ, ಅದರ ಸ್ಪ್ರಿಂಗು ಬೇಗ ಸಡಿಲಾಗುತ್ತದೆ ಅಂತ ಅವರೇ ಹೇಳಿದರು.

ಅಚ್ಚು ಹೇಗೆ ಮಾಡುತ್ತಾರೆ ಅಂತ ನಿಂತು ನೋಡಿದೆ, ಟೀಚರ್ ಬುದ್ಧಿ ಬಿಡುವುದಿಲ್ಲ ಅಲ್ವಾ. ಕಂಪ್ಯೂಟರಿನಲ್ಲಿ ಜೋಡಿಸಿದ ಅಕ್ಷರವನ್ನು ಫಿಲ್ಮಿನ ಮೇಲೆ ನೆಗೆಟಿವ್ ತೆಗೆಯುತ್ತಾರೆ. ಸುತ್ತಲೂ ಕಪ್ಪು, ಅಕ್ಷರ ಇರುವಲ್ಲಿ ಮಾತ್ರ ಬೆಳಕು ಹಾಯುವ ಹಾಗೆ. ಅದನ್ನು ಗಾಜಿನ ಮೇಲಿಟ್ಟು, ಸುತ್ತ ಫೋಮ್ ಟೇಪಿನ ಅಂಚು ಕಟ್ಟಿ, ಜೇನುತುಪ್ಪದಷ್ಟು ಮಂದಗಿನ ಪಾಲಿಮರ್ ದ್ರವ ಸುರಿಯುತ್ತಾರೆ. ಗುಳ್ಳೆ ಬಂದರೆ ಸೂಜಿಯಿಂದ ಒಡೆಯುತ್ತಾರೆ, ಒಂದು ಗುಳ್ಳೆ ಉಳಿದರೂ ಆ ಅಕ್ಷರ ಅರ್ಧ ಮಾಯ. ಆಮೇಲೆ ಪೆಟ್ಟಿಗೆಯೊಳಗೆ ಯುವಿ ಬೆಳಕು. ಬೆಳಕು ತಾಗಿದ ಕಡೆ ಗಟ್ಟಿಯಾಗುತ್ತದೆ, ತಾಗದ ಕಡೆ ದ್ರವವಾಗೇ ಉಳಿಯುತ್ತದೆ. ಹೊರಗೆ ತೆಗೆದು ಬಿಸಿನೀರು, ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದರೆ ಅಂಟಂಟು ಭಾಗ ಹೋಗಿ ಅಕ್ಷರಗಳು ಎದ್ದು ನಿಲ್ಲುತ್ತವೆ. ಮತ್ತೊಮ್ಮೆ ಬೆಳಕಿಗೆ ಹಿಡಿದು, ಕತ್ತರಿಯಿಂದ ಕತ್ತರಿಸಿ, ಎರಡು ಕಡೆ ಅಂಟುವ ಟೇಪಿನಿಂದ ಚೌಕಟ್ಟಿಗೆ ಅಂಟಿಸಿದರೆ ಮುಗಿಯಿತು. ಕೆಲಸಕ್ಕಿಂತ ಸರದಿ ಕಾಯುವುದಕ್ಕೇ ಹೊತ್ತು ಜಾಸ್ತಿ ಹಿಡಿಯುತ್ತದೆ.

ಕನ್ನಡದ ಶಿಕ್ಕಾ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮಸ್ಕತ್‌ನಲ್ಲೂ ಶಿಕ್ಕಾ ಮಾಡುತ್ತಾರೆ, ರುವಿಯ ಕಡೆ ಅಂಗಡಿಗಳಿವೆ, ಅರಬ್ಬಿ, ಇಂಗ್ಲಿಷ್ ಚೆನ್ನಾಗಿಯೇ ಮಾಡುತ್ತಾರೆ. ಕನ್ನಡಕ್ಕೆ ಬಂದರೆ ಒತ್ತಕ್ಷರ ಸರಿ ಕೂತಿದೆಯೋ ಇಲ್ಲವೋ ನೋಡುವ ಕಣ್ಣು ಅಲ್ಲಿರುವುದಿಲ್ಲ. ಬೆಳಗಾವಿಯಲ್ಲೂ ಇದು ಸಲೀಸಲ್ಲ. ನಾನು ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಹಾಗೇ ಹಳೆಯ ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದಾಗ 'ಮತ್ತೊಮ್ಮೆ'ಯ ಒತ್ತುಗಳು ಕೆಳಗಿಂದ ಕಳಚಿ ಪಕ್ಕಕ್ಕೆ ಹೋಗಿ ನಿಂತವು. ಫೋನಿನಲ್ಲಿ ಬಳಸುವ ಯೂನಿಕೋಡ್ ಅಕ್ಷರ ಅದರ ಹಳೆಯ ಆವೃತ್ತಿಗಳಲ್ಲಿ ಹೀಗೆ ಒಡೆಯುವುದು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಜೋಡಿಸುವ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ತಲೆನೋವು. ಕಾಕಾನ ಮಗಳು ಅದನ್ನು ಅಳಿಸಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಹೊಸದಾಗಿ ಟೈಪ್ ಮಾಡಿದಳು, ಒಂದೊಂದು ಒತ್ತನ್ನೂ ದೊಡ್ಡದು ಮಾಡಿ ನೋಡಿದಳು. "ಅಕ್ಕಾ, ಮೂರು ಸಾಲು ಬ್ಯಾಡ. ಎರಡ ಸಾಲಿರ್ಲಿ. ಇಲ್ಲಂದ್ರ ಮ್ಯಾಲಿನ ಸಾಲಿನ ಒತ್ತು ಕೆಳಗಿನ ಗುಡಸಿಗೆ ಹತ್ತತೈತಿ" ಅಂದಳು. 18 ಮಿಲಿಮೀಟರ್ ಎತ್ತರದಲ್ಲಿ ಕನ್ನಡಕ್ಕೆ ಎರಡೇ ಸಾಲು ಚೆಂದ, ಅದೂ ದಪ್ಪ ಅಕ್ಷರದಲ್ಲಿ. ತೆಳ್ಳಗಿನ ಅಕ್ಷರ ತೊಳೆಯುವಾಗಲೇ ಕಿತ್ತು ಹೋಗಬಹುದು, ತೀರಾ ದಪ್ಪವಾದರೆ 'ಅ', 'ಆ'ಗಳ ಹೊಟ್ಟೆಯೊಳಗೆ ಇಂಕು ತುಂಬಿಕೊಳ್ಳುತ್ತದೆ. ಆ ಹುಡುಗಿ ಎರಡರ ನಡುವಿನದನ್ನು ಆರಿಸಿ ಕೊಟ್ಟಳು. 'ಅಕ್ಷರ ದುಂಡಾಗಿದೆ, ಶಾಬಾಸ್!' ಅಂತ ಒಂದು ಮಾಡಿಸಿದೆ. ಶುಕ್ರವಾರದ ಮಕ್ಕಳು ಈಗ ಅದನ್ನು ಬೀಳಿಸಿಕೊಳ್ಳಲು ಕಾಪಿ ಬರೆಯುತ್ತಾರೆ, ಒಬ್ಬ ಪುಟ್ಟ ಹುಡುಗ ಅದನ್ನು ಕೂಡಿಸಿ ಕೂಡಿಸಿ ಓದಿ 'ಶಾಬಾಸ್' ಅಂದರೇನು ಅಂತ ಅವರಪ್ಪನನ್ನೇ ಕೇಳಿದ.

ಇನ್ನು ಇದರಿಂದ ಕೆಲಸ ನಿಜವಾಗಿ ಹಗುರಾಯಿತಾ? ಆಯಿತು. ಹೇಗೆ ಅಂದರೆ, ಓದುತ್ತಾ ತಪ್ಪಿನ ಕೆಳಗೆ ಒಂದು ಗೆರೆ ಎಳೆಯುತ್ತೇನೆ, ಅಷ್ಟೇ. ಯಾವ ತಪ್ಪು ಅಂತ ಅಲ್ಲಿ ಬರೆಯುವುದಿಲ್ಲ, ಸರಿಯಾದದ್ದನ್ನೂ ಬರೆದು ಕೊಡುವುದಿಲ್ಲ. ಪುಟದ ಬುಡದಲ್ಲಿ ಚೌಕದ ಶಿಕ್ಕಾ ಒತ್ತಿ, ಕಾಲದ ತಪ್ಪು ಎಷ್ಟು, ಸ್ಪೆಲಿಂಗ್ ಎಷ್ಟು ಅಂತ ಅಂಕಿ ತುಂಬುತ್ತೇನೆ. ಯಾವ ಗೆರೆ ಯಾವ ಚೌಕಕ್ಕೆ ಸೇರಿದ್ದು ಅಂತ ಹುಡುಕುವುದು ಮಗುವಿನ ಕೆಲಸ. ಇದರಲ್ಲಿ ನನ್ನ ಹೊತ್ತು ಉಳಿಯುತ್ತದೆ ಅನ್ನುವುದು ಒಂದು, ಮಗು ತನ್ನ ಬರಹವನ್ನು ಎರಡನೇ ಸಲ ಓದುತ್ತದೆ ಅನ್ನುವುದು ಅದಕ್ಕಿಂತ ದೊಡ್ಡದು. ಮುಂಚೆ ನಾನು ಪುಟವೆಲ್ಲ ಕೆಂಪು ಮಾಡಿ ಕೊಟ್ಟರೆ ಅವರು ನೋಡುತ್ತಿದ್ದದ್ದು ಅಂಕವನ್ನು ಮಾತ್ರ. ಈಗ ಪಕ್ಕದವರ ಜೊತೆ ಕೂತು "ನಂದು ಟಿ ಮೂರಿದೆ, ಎರಡು ಸಿಕ್ತು, ಇನ್ನೊಂದೆಲ್ಲಿ" ಅಂತ ಹುಡುಕುತ್ತಾರೆ. ಕಲಿಕೆಯಲ್ಲಿ ಹಿಂದೆ ಇರುವ ಮಕ್ಕಳಿಗೆ ಮಾತ್ರ ಗೆರೆಯ ಪಕ್ಕವೇ ಗುರುತನ್ನೂ ಬರೆದು ಕೊಡುತ್ತೇನೆ, ಬರೀ ಗೆರೆ ಕೊಟ್ಟರೆ ಅವರು ಕಂಗಾಲಾಗುತ್ತಾರೆ.

ಆಮೇಲೆ, ಒಂದು ನಿಯಮ ಬಿಡಬಾರದು. ಶಿಕ್ಕಾ ಬಿದ್ದ ಪ್ರತಿ ಪುಟದಲ್ಲೂ ಕೈಬರಹದ ಒಂದು ವಾಕ್ಯ ಇರಲೇಬೇಕು. 'ಮೀನು ಮಾರುಕಟ್ಟೆಯ ವಾಸನೆ ಬಗ್ಗೆ ಬರೆದದ್ದು ಓದಿ ನಾನೇ ಅಲ್ಲಿ ನಿಂತ ಹಾಗಾಯಿತು' ಥರದ್ದು. ಅದಿಲ್ಲದೆ ಬರೀ ಶಿಕ್ಕಾ ಒತ್ತಿ ಕಳಿಸಿದರೆ ಮಕ್ಕಳು ಅದನ್ನು ನೋಡುವುದನ್ನೇ ಬಿಡುತ್ತಾರೆ, ಅಪ್ಪ ಅಮ್ಮಂದಿರಿಗೂ ಟೀಚರ್ ಓದಿಯೇ ಇಲ್ಲ ಅನ್ನಿಸುತ್ತದೆ. ನನಗೂ ಪೋಷಕರು ಶಾಲೆಗೆ ಬರುವ ಓಪನ್ ಹೌಸಿನಲ್ಲಿ ಒಬ್ಬ ತಾಯಿ ಹಾಗೇ ಕೇಳಿದರು. ನೋಟ್‌ಬುಕ್ ಬಿಚ್ಚಿ, ಏಪ್ರಿಲ್‌ನ ಪುಟದಲ್ಲಿ ಕಾಲದ ಚೌಕದಲ್ಲಿ ಎಷ್ಟಿತ್ತು, ಸೆಪ್ಟೆಂಬರ್‌ನಲ್ಲಿ ಎಷ್ಟಿದೆ ಅಂತ ತೋರಿಸಿದೆ. ಮಗಳು ಎಲ್ಲಿ ಸುಧಾರಿಸಿದ್ದಾಳೆ, ಎಲ್ಲಿ ನಿಂತಲ್ಲೇ ನಿಂತಿದ್ದಾಳೆ ಅಂತ ಅವರಿಗೆ ಒಂದೇ ನೋಟಕ್ಕೆ ಕಂಡಿತು. ನೋಟ್‌ಬುಕ್ಕೇ ಲೆಕ್ಕ ಇಟ್ಟುಕೊಂಡಿರುತ್ತದೆ, ಪೋರ್ಟ್‌ಫೋಲಿಯೊ ಅಂಕ ಹಾಕುವಾಗ ನನಗೂ ಹುಡುಕಾಟ ಇಲ್ಲ.

ಎಲ್ಲ ಕಷ್ಟಕ್ಕೂ ಇದೇ ಮದ್ದು ಅಂತ ಹೇಳಲಾರೆ. ಸಬ್‌ಸ್ಟಿಟ್ಯೂಶನ್ ಪೀರಿಯಡ್, ರಾತ್ರಿ ಹತ್ತಕ್ಕೆ ಬರುವ ಪೋಷಕರ ಮೆಸೇಜು, ಪ್ರಶ್ನೆಪತ್ರಿಕೆ ತಯಾರಿ, ಮಾತಿನ ಪರೀಕ್ಷೆ, ಇವು ಯಾವುದಕ್ಕೂ ಶಿಕ್ಕಾ ಆಗಿಬರುವುದಿಲ್ಲ. ಒಬ್ಬ ಟೀಚರಿಗೆ ಇಷ್ಟು ಸೆಕ್ಷನ್ ಕೊಡಬಾರದು ಅನ್ನುವುದು ಆಡಳಿತದವರು ಯೋಚಿಸಬೇಕಾದ ವಿಷಯ, ಅದನ್ನು ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಲೇಬೇಕು. ನಮ್ಮ ಕೈಲಿರುವುದನ್ನು ನಾವು ಮಾಡಿಕೊಳ್ಳೋಣ. ನಾನು ಎಲ್ಲ ಸೆಕ್ಷನ್ನಿನ ಪುಸ್ತಕ ಒಂದೇ ದಿನ ತರಿಸಿಕೊಳ್ಳುವುದನ್ನೂ ನಿಲ್ಲಿಸಿದೆ, ದಿನಕ್ಕೊಂದು ಸೆಕ್ಷನ್. ಮೊದಲ ಕರಡನ್ನು ಮಕ್ಕಳೇ ಅದಲು ಬದಲು ಮಾಡಿಕೊಂಡು ನೋಡುತ್ತಾರೆ, ಎರಡನೆಯದು ಮಾತ್ರ ನನ್ನ ಹತ್ತಿರ ಬರುತ್ತದೆ. ಒಮಾನ್ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಮುಂಚೆ ನನ್ನ ತಿದ್ದುವ ಕೆಲಸ ಮುಗಿಯುವಷ್ಟರಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಅವ್ವ ಮಲಗಿರುತ್ತಿದ್ದಳು. ಈಗ ಎಂಟಕ್ಕೆ ಪೆನ್ನು ಮುಚ್ಚಿದರೆ ಅಲ್ಲಿ ಒಂಬತ್ತೂವರೆ, ಊಟ ಮುಗಿಸಿ ಕೂತಿರುತ್ತಾಳೆ, ಮಾತು ಸಿಗುತ್ತದೆ.

ಮಾಡಿಸುವವರಿಗೆ ಒಂದಷ್ಟು ಕಿವಿಮಾತು. ನೀವು ಬಳಸುವ ನೋಟ್‌ಬುಕ್ಕನ್ನೇ ಅಂಗಡಿಗೆ ಹಿಡಿದುಕೊಂಡು ಹೋಗಿ, ಅದರ ಹಾಳೆಯ ಮೇಲೇ ಒತ್ತಿ ನೋಡಿ. ತೆಳು ಹಾಳೆಯಾದರೆ ಇಂಕು ಹಿಂಬದಿಗೆ ಇಳಿದು ಆ ಕಡೆಯ ಬರಹ ಕೆಡುತ್ತದೆ. ಫ್ಲ್ಯಾಶ್ ಸ್ಟ್ಯಾಂಪ್ ಅಂತ ಇನ್ನೊಂದು ಬಗೆ ತೋರಿಸುತ್ತಾರೆ, ಅಚ್ಚಿನೊಳಗೇ ಇಂಕು ಇರುವಂಥದ್ದು, ಗುರುತು ಬಹಳ ನುಣುಪಾಗಿ ಬೀಳುತ್ತದೆ. ಆದರೆ ಅದು ಎಣ್ಣೆ ಇಂಕು, ಒಣಗಲು ಹೊತ್ತು ಬೇಕು, ಪುಸ್ತಕ ಪಟಪಟ ಮುಚ್ಚಿ ರಾಶಿ ಹಾಕುವ ನಮಗೆ ಎದುರು ಪುಟವೆಲ್ಲ ಕೆಂಪಾಗುತ್ತದೆ. ಸೆಲ್ಫ್ ಇಂಕಿಗೆ ನೀರಿನ ಇಂಕೇ ಹಾಕಬೇಕು, ಎಣ್ಣೆಯದು ಹಾಕಿದರೆ ಪ್ಯಾಡ್ ಹಾಳು. ಗುರುತು ಮಸುಕಾದಾಗ ಪ್ಯಾಡ್ ಹೊರಗೆಳೆದು ನಾಲ್ಕೈದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಜಾಸ್ತಿ ಹಾಕಿದರೆ ಚೌಕದ ಗೆರೆ ಹರಡುತ್ತದೆ. ಗಲ್ಫಿನಲ್ಲಿರುವವರು ಇದನ್ನು ಕಾರಿನಲ್ಲಿ ಬಿಡಲೇಬೇಡಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ, ಪ್ಯಾಡ್ ಒಣಗಿ ಹೋಗುತ್ತದೆ.

ಅಂಗಡಿಯಲ್ಲಿ ಕೊರತೆ ಇಲ್ಲವೇ? ಇದೆ. 'ನಾಳೆ ಸಂಜಿಕ' ಅಂದದ್ದು ನಾಳೆ ಸಂಜೆ ಸಿಗುವುದಿಲ್ಲ. ಶಾಲೆ, ಕಾಲೇಜು ಶುರುವಾಗುವ ಜೂನ್‌ನಲ್ಲಿ ಅಲ್ಲಿ ಜನವೋ ಜನ. ಕರೆಂಟು ಹೋದರೆ ಕೆಲಸ ನಿಂತಿತು. ರಶೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಪ್ರೂಫನ್ನು ವಾಟ್ಸಾಪಿಗೆ ಕಳಿಸುತ್ತಾರೆ, ಆದರೆ ಫೋನಿನ ಪರದೆಯಲ್ಲಿ ಒತ್ತು, ದೀರ್ಘ ಸರಿಯಾಗಿ ಕಾಣುವುದಿಲ್ಲ, ಅಂಗಡಿಗೇ ಹೋಗಿ ದೊಡ್ಡ ಪರದೆಯಲ್ಲಿ ನೋಡಿ ಹೂಂ ಅನ್ನುವುದು ಒಳ್ಳೆಯದು. ಬೆಲೆ ಮಾತ್ರ ನ್ಯಾಯವಾದದ್ದು, ಚೌಕಾಸಿ ಮಾಡುವ ಮನಸ್ಸೇ ಬರಲಿಲ್ಲ. ಒಂದು ಒಮಾನಿ ರಿಯಾಲ್ ಇನ್ನೂರು ರೂಪಾಯಿ ದಾಟುತ್ತದೆ. ಆ ಲೆಕ್ಕದಲ್ಲಿ ಮಸ್ಕತ್‌ನಲ್ಲಿ ಒಂದು ಶಿಕ್ಕಾ ಮಾಡಿಸುವ ದುಡ್ಡಿನಲ್ಲಿ ಬೆಳಗಾವಿಯಲ್ಲಿ ಒಂದು ಮಾಡಿಸಿಯೂ ಇನ್ನೂ ಮಿಕ್ಕುತ್ತದೆ. ಒಂದು ಅಚ್ಚು ಸವೆದರೆ ಚೌಕಟ್ಟು ಹಾಗೇ ಇಟ್ಟುಕೊಂಡು ಅಚ್ಚು ಮಾತ್ರ ಬದಲಿಸಿ ಕೊಡುತ್ತಾರೆ, ಇದನ್ನು ಕೇಳಿ ತಿಳಿದುಕೊಳ್ಳಿ, ತಾವಾಗಿ ಹೇಳುವುದಿಲ್ಲ.

ರಜೆಯ ಮೊದಲ ವಾರದಲ್ಲೇ ಆರ್ಡರ್ ಕೊಡಿ. ವಾಪಸ್ ಹೊರಡಲು ಗೋವಾಕ್ಕೆ ಗಾಡಿ ಹತ್ತುವ ಹಿಂದಿನ ದಿನ ಹೋಗಿ ನಿಂತರೆ ಕಾಕಾ ಕೈಲೂ ಆಗುವುದಿಲ್ಲ. ಮುಂದಿನ ಸಲ ನಾನು ನಮ್ಮ ಶಾಲೆಯ ಹಿಂದಿ ಟೀಚರ್ ಬರೆದು ಕೊಟ್ಟಿರುವ ಚೀಟಿಯನ್ನೂ ಒಯ್ಯುತ್ತಿದ್ದೇನೆ. ಲಿಂಗ, ವಚನ, ಮಾತ್ರಾ (ಅಕ್ಷರಕ್ಕೆ ಹಚ್ಚುವ ಸ್ವರದ ಗುರುತು) ಅಂತ ಅವರ ಚೌಕಗಳೇ ಬೇರೆ. ಬೆಳಗಾವಿಯಲ್ಲಿ ಮರಾಠಿ ಶಿಕ್ಕಾ ದಿನಾ ಮಾಡುವವರಿಗೆ ದೇವನಾಗರಿ ಕಷ್ಟವೇನಲ್ಲ. ಕಾಕಾನ ಮಗಳಿಗೆ ಈಗಾಗಲೇ ಮೆಸೇಜು ಹಾಕಿದ್ದೇನೆ, ಅಳತೆ ಅದೇ 4926 ಸಾಕು ಅಂದಿದ್ದಾಳೆ.